ಅಮೆರಿಕದ ಫುಟ್‌ಬಾಲ್ ಶಿಕ್ಷಕರೂ ಉದ್ಯೋಗದ ಸ್ಥಿರತೆಯೂ

ಉದ್ಯೋಗದಲ್ಲಿ ನೆಲೆ ನಿಲ್ಲುವುದು ಗೃಹಸ್ಥನಾದವನಿಗೆ ಎಷ್ಟು ಮುಖ್ಯವೆಂಬುದನ್ನು ನಮ್ಮ ವಾಚಕರಿಗೆ ವಿವರಿಸಿ ಹೇಳಬೇಕಾದುದಿಲ್ಲ. ಮನೆಯ ಬಾಡಿಗೆ, ಮಕ್ಕಳ ವಿದ್ಯಾಭ್ಯಾಸ, ವೃದ್ಧರ ಔಷಧ ಇವೆಲ್ಲವೂ ತಿಂಗಳು ತಿಂಗಳಿಗೆ ಬರುವ ಸಂಬಳವನ್ನು ನಂಬಿಯೇ ನಡೆಯತಕ್ಕವು. ಆದರೆ ನೌಕರನಿಗೆ ನೆಲೆ ಬೇಕೆಂಬುದು ಎಷ್ಟು ನ್ಯಾಯವೋ, ಕೊಟ್ಟ ಸಂಬಳಕ್ಕೆ ತಕ್ಕ ಕೆಲಸವಾಗಬೇಕೆಂದು ಯಜಮಾನನು ಕೇಳುವುದೂ ಅಷ್ಟೇ ನ್ಯಾಯ. ಹಾಗಾದರೆ ಒಬ್ಬನ ಯೋಗ್ಯತೆಯನ್ನು ಅಳೆಯುವುದಕ್ಕೆ ಮುಂಚೆ ಅವನಿಗೆ ಎಷ್ಟು ಕಾಲಾವಕಾಶ ಕೊಡಬೇಕು? ಈ ಪ್ರಶ್ನೆಯನ್ನು ವಿಚಾರಮಾಡುವುದಕ್ಕೆ ಬಹು ಅನುಕೂಲವಾದ ಒಂದು ಕ್ಷೇತ್ರವು ಅಮೆರಿಕ ಸಂಯುಕ್ತ ಸಂಸ್ಥಾನಗಳಲ್ಲಿದೆ. ಅಲ್ಲಿ ಕೆಲಸದ ಫಲವು ವಾರ ವಾರಕ್ಕೂ ಸಾವಿರಾರು ಜನರ ಕಣ್ಣೆದುರಿಗೆ ಗೆಲುವು ಸೋಲುಗಳೆಂದು ನಿರ್ಣಯವಾಗಿಬಿಡುತ್ತದೆ. ಅದು ವೃತ್ತಿಯ ಫುಟ್‌ಬಾಲ್ ಆಟದ ಕ್ಷೇತ್ರ.

ಅಮೆರಿಕದವರು ಫುಟ್‌ಬಾಲ್ ಎನ್ನುವುದು ನಮ್ಮ ಹುಡುಗರು ಕಾಲಿನಿಂದ ಒದೆದು ಆಡುವ ಗುಂಡು ಚೆಂಡಿನ ಆಟವಲ್ಲ. ಎರಡು ತುದಿಯೂ ಚೂಪಾದ ಚೆಂಡನ್ನು ಕೈಯಲ್ಲಿ ಹಿಡಿದು ಓಡಿ, ಇಲ್ಲವೆ ಎಸೆದು, 100 ಗಜ ಉದ್ದದ ಬಯಲಿನಲ್ಲಿ ಎದುರಾಳಿಯ ಗಡಿಯನ್ನು ದಾಟಿಸುವ ಆಟವದು. ಪಕ್ಷಕ್ಕೆ 11 ಮಂದಿ. ಪ್ರತಿಯೊಂದು ನುಗ್ಗಾಟವೂ ಮುಗಿದೊಡನೆ ಆಟವು ನಿಲ್ಲುತ್ತದೆ. ಮುಂದಿನ ನಡೆಯನ್ನು ಚದುರಂಗದಲ್ಲಿರುವಂತೆ ಯೋಚಿಸಿ ಹೇಳಬೇಕಾಗುತ್ತದೆ. ಆದಕಾರಣ ಆಟಗಾರರ ಮೈಕಟ್ಟಿನಷ್ಟೇ ಅವರನ್ನು ನಡೆಯಿಸುವವನ ಬುದ್ಧಿಯೂ ಮುಖ್ಯ. ಹೀಗೆ ನಡೆಯಿಸುವವನಿಗೆ ಹೆಡ್ ಕೋಚ್, ಎಂದರೆ ಮುಖ್ಯ ಶಿಕ್ಷಕ, ಎಂದು ಹೆಸರು. ಅವನ ಕೈಕೆಳಗೆ ಆಕ್ರಮಣಕ್ಕೊಬ್ಬ, ರಕ್ಷಣೆಗೊಬ್ಬ ಎಂದು ಅನೇಕ ಉಪಶಿಕ್ಷಕರಿರುತ್ತಾರೆ.

ಈ ಆಟದ ಮಹಾಸಂಘವಾದ ನ್ಯಾಷನಲ್ ಫುಟ್‌ಬಾಲ್ ಲೀಗು 1920ರಲ್ಲಿ ಓಹಯೋ ಸಂಸ್ಥಾನದ ಕ್ಯಾಂಟನ್ ಪಟ್ಟಣದಲ್ಲಿ ಬೇರೊಂದು ಹೆಸರಿನಿಂದ ಹುಟ್ಟಿ, 1922ರಲ್ಲಿ ಈಗಿನ ಹೆಸರನ್ನು ಪಡೆಯಿತು. ಇಂದು ಅದರಲ್ಲಿ 32 ತಂಡಗಳಿವೆ. ಎಂದರೆ ಮುಖ್ಯ ಶಿಕ್ಷಕರ ಹುದ್ದೆಗಳು ದೇಶಕ್ಕೆಲ್ಲ ಸೇರಿ 32 ಮಾತ್ರ. ಇವುಗಳಲ್ಲಿ ವರ್ಷವರ್ಷವೂ ಐದಾರು, ಕೆಲವು ವರ್ಷ ಏಳೆಂಟಕ್ಕೂ ಮೇಲ್ಪಟ್ಟು, ತೆರವಾಗುವುದು ವಾಡಿಕೆ. ಋತುವಿನ ಸಾಮಾನ್ಯ ಪಂದ್ಯಗಳು ಮುಗಿದ ಮರುದಿನದ ಸೋಮವಾರ ಕೆಲಸ ಕಳೆದುಕೊಳ್ಳುವವರು ಹಲವರಾದುದರಿಂದ ಅದಕ್ಕೆ ‘ಕರಾಳ ಸೋಮವಾರ’ವೆಂಬ ಹೆಸರೇ ಬಿದ್ದುಹೋಗಿದೆ.

ಆರಂಭದ ಕಾಲದಲ್ಲಿ ಸ್ಥಿರತೆಯ ಉಪಾಯವು ಸುಲಭವಾಗಿತ್ತು: ಯಜಮಾನನೇ ಶಿಕ್ಷಕನಾಗುವುದು. ಷಿಕಾಗೋ ಬೇರ್ಸ್ ತಂಡದ ಜಾರ್ಜ್ ಹಾಲಸನು 1920ರಿಂದ 1967ರವರೆಗೆ ನಾಲ್ಕು ಸಲ ಅಧಿಕಾರ ವಹಿಸಿ, ನಾಲ್ಕು ಸಲ ಬಿಟ್ಟು, ಒಟ್ಟು 40 ಋತುಗಳ ಕಾಲ ಶಿಕ್ಷಕನಾಗಿದ್ದನು. ತಂಡವೇ ಅವನದಾಗಿರಲು ಅವನನ್ನು ತೆಗೆಯುವವರಾರು? ಆದರೆ ಸ್ಥಾಪಕನೆಂಬ ಗೌರವವೊಂದೇ ಸಾಲದೆಂಬುದಕ್ಕೂ ನಿದರ್ಶನಗಳುಂಟು. ಗ್ರೀನ್ ಬೇ ಪಟ್ಟಣದ ತಂಡವನ್ನು 1919ರಲ್ಲಿ ಕಟ್ಟಿದವರಲ್ಲೊಬ್ಬನಾದ ಕರ್ಲಿ ಲ್ಯಾಂಬೋ ಆರು ಸಲ ಅದಕ್ಕೆ ಅಗ್ರಪದವಿಯನ್ನು ತಂದುಕೊಟ್ಟವನು. ಆಡಳಿತಮಂಡಳಿಯೊಡನೆ ವಿರಸವುಂಟಾಗಿ 1950ರ ಆರಂಭದಲ್ಲಿ ಅದನ್ನು ಬಿಟ್ಟುಹೋದನು. ಕ್ಲೀವ್‌ಲ್ಯಾಂಡ್ ಬ್ರೌನ್ಸ್ ಎಂಬ ತಂಡಕ್ಕೆ ಅದರ ಮೊದಲ ಶಿಕ್ಷಕ ಪಾಲ್ ಬ್ರೌನನ ಹೆಸರನ್ನೇ ಇಟ್ಟಿದ್ದರು. ಆದರೂ 1961ರಲ್ಲಿ ತಂಡವನ್ನು ಕೊಂಡ ಹೊಸ ಯಜಮಾನನು 1963ರ ಜನವರಿಯಲ್ಲಿ, 17 ಋತುಗಳ ಸೇವೆಯ ತರುವಾಯ, ಆತನನ್ನು ಹೊರಗೆ ಕಳುಹಿಸಿದನು. ಹೆಸರು ತಂಡದಲ್ಲಿ ಉಳಿಯಿತು; ಹೆಸರಿನವನು ಉಳಿಯಲಿಲ್ಲ.

ಈಗ ಯಜಮಾನನಲ್ಲದೆ, ಬರಿಯ ನೌಕರನಾಗಿಯೇ ದೀರ್ಘಕಾಲ ನಿಂತವರ ವಿಚಾರವನ್ನು ನೋಡೋಣ. ಇವರಲ್ಲಿ ಟಾಮ್ ಲ್ಯಾಂಡ್ರಿಯ ವೃತ್ತಾಂತವು ವಿಶೇಷವಾಗಿ ಮನನೀಯವಾದುದು. ಟೆಕ್ಸಸ್ ಸಂಸ್ಥಾನದ ಡಲ್ಲಸ್ ನಗರದಲ್ಲಿ 1960ರಲ್ಲಿ ಕೌಬಾಯ್ಸ್ ಎಂಬ ಹೊಸ ತಂಡವು ಹುಟ್ಟಿದಾಗ ಈತನು ಅದರ ಪ್ರಥಮ ಶಿಕ್ಷಕನಾದನು. ಎರಡನೆಯ ಮಹಾಯುದ್ಧದಲ್ಲಿ ಬಾಂಬುವಿಮಾನಗಳನ್ನು ನಡೆಸಿದ್ದವನು, ಮಿತಭಾಷಿ, ಆಟದ ಬಯಲಿನ ಅಂಚಿನಲ್ಲಿ ಕೋಟು ಟೊಪ್ಪಿಗೆಗಳನ್ನು ಧರಿಸಿ ನಿರ್ವಿಕಾರನಾಗಿ ನಿಲ್ಲುತ್ತಿದ್ದವನು. ಮೊದಲನೆಯ ವರ್ಷ 12 ಪಂದ್ಯಗಳಲ್ಲಿ 11 ಸೋಲು, ಒಂದು ಸಮ. ಗೆಲುವು ಒಂದೂ ಇಲ್ಲ. ನಾಲ್ಕು ವರ್ಷಗಳ ಕೊನೆಗೆ ಲೆಕ್ಕ ನೋಡಿದರೆ 13 ಗೆಲುವು, 38 ಸೋಲು, 3 ಸಮ. ಇವನನ್ನು ತೆಗೆದುಹಾಕಬೇಕೆಂಬ ಕೂಗು ಊರಿನಲ್ಲಿ ಎದ್ದುದು ಆಶ್ಚರ್ಯವಲ್ಲ. ಆಗ ಯಜಮಾನನಾದ ಕ್ಲಿಂಟ್ ಮರ್ಚಿಸನ್ ಮಾಡಿದ್ದೇನು? 1964ರಲ್ಲಿ ಅವನೊಡನೆ ಹೊಸದಾಗಿ ಹತ್ತು ವರ್ಷಗಳ ಕರಾರನ್ನು ಮಾಡಿಕೊಂಡನು!

ಆ ವರ್ಷವೂ ಗೆಲುವುಗಳಿಗಿಂತ ಸೋಲುಗಳೇ ಹೆಚ್ಚು. ಮರುವರ್ಷ ಎರಡೂ ಸಮ. 1966ರಿಂದ ಕಾಲ ತಿರುಗಿತು. ಅಂದಿನಿಂದ 1985ರವರೆಗೆ 20 ವರ್ಷ, ಒಂದು ವರ್ಷವೂ ತಪ್ಪದೆ, ಸೋಲುಗಳಿಗಿಂತ ಗೆಲುವುಗಳೇ ಹೆಚ್ಚಾದುವು. 1971 ಮತ್ತು 1977ರ ಋತುಗಳಲ್ಲಿ ಸೂಪರ್ ಬೌಲ್ ಎಂಬ ಅಂತಿಮ ಪಂದ್ಯವನ್ನೂ ಗೆದ್ದುದಾಯಿತು. ಕೂಗನ್ನು ಕೇಳಿ ಮರ್ಚಿಸನ್ ಮಣಿದಿದ್ದರೆ ಈ 20 ವರ್ಷಗಳ ಕೀರ್ತಿ ಯಾರ ಪಾಲಾಗುತ್ತಿತ್ತೋ ಹೇಳಲಾರೆವು.

ಆದರೆ ಕಥೆಯ ಕೊನೆಯನ್ನೂ ಹೇಳಬೇಕು. 1988ರ ಋತುವಿನಲ್ಲಿ 3 ಗೆಲುವು, 13 ಸೋಲು. 1989ರ ಫೆಬ್ರವರಿ 25ರಂದು ಜೆರ್ರಿ ಜೋನ್ಸ್ ಎಂಬಾತನು ತಂಡವನ್ನು ಕೊಂಡು, ಅದೇ ದಿನ ಲ್ಯಾಂಡ್ರಿಯನ್ನು ಕೆಲಸದಿಂದ ಬಿಡಿಸಿದನು. 29 ಋತುಗಳ ಸೇವೆಯು ಒಂದು ದಿನದಲ್ಲಿ ಮುಗಿಯಿತು. ಹಿಂದೆ ತೆಗೆಯಿರೆಂದು ಕೂಗಿದ ಅದೇ ನಗರವು ಏಪ್ರಿಲ್ ತಿಂಗಳಲ್ಲಿ ಅವನಿಗೆ ದೊಡ್ಡ ಮೆರವಣಿಗೆಯ ಮರ್ಯಾದೆಯನ್ನು ಮಾಡಿತು. ಇದರ ಮೇಲೆ ಜೋನ್ಸನನ್ನು ದೂಷಿಸುವುದು ಸುಲಭ. ಅವನು ತಂದ ಜಿಮ್ಮಿ ಜಾನ್ಸನನು ಮೊದಲನೆಯ ವರ್ಷ 16ರಲ್ಲಿ ಒಂದೇ ಪಂದ್ಯವನ್ನು ಗೆದ್ದನು. ಆದರೆ ಅದೇ ಜಾನ್ಸನನು 1992, 1993ರ ಋತುಗಳಲ್ಲಿ ಸೂಪರ್ ಬೌಲನ್ನು ಎರಡು ಸಲ ಗೆದ್ದುಕೊಟ್ಟನೆಂಬುದನ್ನೂ ಮರೆಯಲಾಗದು. ಬದಲಾವಣೆಯ ರೀತಿಯು ಕಠಿನವಾಗಿದ್ದರೂ ಬದಲಾವಣೆಯೇ ತಪ್ಪಾಗಿತ್ತೆನ್ನಲು ಬರುವಂತಿಲ್ಲ.

ತಾಳ್ಮೆಯನ್ನು ಮನೆತನದ ಧರ್ಮವಾಗಿಯೇ ಇಟ್ಟುಕೊಂಡವರು ಪಿಟ್ಸ್‌ಬರ್ಗ್ ನಗರದ ರೂನಿ ಮನೆಯವರು. ಆರ್ಟ್ ರೂನಿ 1933ರಲ್ಲಿ ಸ್ಥಾಪಿಸಿದ ಈ ತಂಡವು ಸುಮಾರು 40 ವರ್ಷ ಹೇಳಿಕೊಳ್ಳುವಂತಹ ಯಶಸ್ಸನ್ನೇ ಕಾಣಲಿಲ್ಲ. 1969ರಲ್ಲಿ ಚಕ್ ನೋಲ್ ಎಂಬವನನ್ನು ನೇಮಿಸಿಕೊಂಡರು. ಅವನು ಮೊದಲನೆಯ ಪಂದ್ಯವನ್ನು ಗೆದ್ದು ಉಳಿದ 13ನ್ನೂ ಸೋತನು. ಎರಡನೆಯ ವರ್ಷ 5 ಗೆಲುವು, ಮೂರನೆಯ ವರ್ಷ 6. ಇಂದಿನ ದಿನಗಳಾಗಿದ್ದರೆ ಇಷ್ಟು ಹೊತ್ತಿಗೆ ಅವನು ಮನೆಯ ಸಾಮಾನು ಕಟ್ಟಿರಬೇಕಾಗಿತ್ತು. ರೂನಿಯವರು ಸುಮ್ಮನಿದ್ದರು. ನಾಲ್ಕನೆಯ ವರ್ಷ 14ರಲ್ಲಿ 11 ಗೆಲುವು. ಅನಂತರ 1974ರಿಂದ 1979ರೊಳಗಾಗಿ ನಾಲ್ಕು ಸೂಪರ್ ಬೌಲ್ ವಿಜಯಗಳು. ನೋಲ್ 23 ಋತುಗಳಾದ ಮೇಲೆ ತಾನಾಗಿಯೇ ನಿವೃತ್ತನಾದನು. ಬಳಿಕ ಬಂದ ಬಿಲ್ ಕವ್ವರನ ತಂಡವು 1998ರಿಂದ ಎಡೆಬಿಡದೆ ಮೂರು ವರ್ಷ ಅಂತಿಮ ಸುತ್ತುಗಳಿಗೆ ಸೇರದೆ ಹೋದರೂ ಅವನನ್ನು ತೆಗೆಯಲಿಲ್ಲ. 14ನೆಯ ಋತುವಾದ 2005ರಲ್ಲಿ ಅವನು ಸೂಪರ್ ಬೌಲನ್ನು ಗೆದ್ದನು. 2007ರಲ್ಲಿ ಮೈಕ್ ಟಾಮ್ಲಿನ್ ಬಂದನು. ಹೀಗೆ 1969ರಿಂದ 2024ರವರೆಗಿನ 56 ಋತುಗಳನ್ನು ಮೂವರೇ ಶಿಕ್ಷಕರು ತುಂಬಿದರು.

ಇದಕ್ಕೆ ಪ್ರತಿಯಾಗಿ ಕ್ಲೀವ್‌ಲ್ಯಾಂಡ್ ತಂಡವನ್ನು ನೋಡಿರಿ. 1999ರಲ್ಲಿ ಅದು ಮತ್ತೆ ಹೊಸದಾಗಿ ಆರಂಭವಾದುದು ಮೊದಲುಗೊಂಡು 2019ರವರೆಗಿನ 21 ಋತುಗಳಲ್ಲಿ, ಹಂಗಾಮಿಯಾಗಿ ನಿಂತವರನ್ನು ಬಿಟ್ಟು, ಒಂಬತ್ತು ಮಂದಿ ಮುಖ್ಯ ಶಿಕ್ಷಕರಾಗಿ ಹೋದರು. ಇಬ್ಬರಿಗೆ ದೊರೆತುದು ಒಂದೊಂದೇ ವರ್ಷ. ಆ ಕಾಲದಲ್ಲಿ ತಂಡವು ಅಂತಿಮ ಸುತ್ತುಗಳನ್ನು ಸೇರಿದುದು 2002ರಲ್ಲಿ ಒಂದೇ ಸಲ.

ಇಷ್ಟನ್ನು ಓದಿ ‘ತಾಳಿದವನು ಬಾಳಿಯಾನು’ ಎಂದು ತೀರ್ಪು ಹೇಳಿಬಿಡಬಹುದಲ್ಲವೆ ಎಂದು ವಾಚಕರು ಕೇಳಬಹುದು. ಅವಸರಪಡಬಾರದು. ಇಲ್ಲಿ ಬೀಜವೃಕ್ಷನ್ಯಾಯವೊಂದು ಅಡಗಿದೆ. ಬಹುಕಾಲ ಇದ್ದುದರಿಂದ ಗೆದ್ದರೋ, ಗೆದ್ದುದರಿಂದ ಬಹುಕಾಲ ಇದ್ದರೋ? ಮಯಾಮಿಯಲ್ಲಿ 26 ಋತು ನಿಂತ ಡಾನ್ ಷೂಲಾ 1972ರಲ್ಲಿ 17 ಪಂದ್ಯಗಳಲ್ಲಿ 17ನ್ನೂ ಗೆದ್ದವನು. ಅಂಥವನನ್ನು ಉಳಿಸಿಕೊಳ್ಳುವುದಕ್ಕೆ ತಾಳ್ಮೆಯ ಅಗತ್ಯವೇನು? ಮೇಲಾಗಿ ತಾಳ್ಮೆಯು ಫಲಿಸದ ಉದಾಹರಣೆಗಳೂ ಇವೆ. ಸಿನ್ಸಿನಾಟಿಯಲ್ಲಿ ಮಾರ್ವಿನ್ ಲೂಯಿಸ್ 2003ರಿಂದ 2018ರವರೆಗೆ 16 ಋತುಗಳಿದ್ದು ಏಳು ಸಲ ಅಂತಿಮ ಸುತ್ತುಗಳಿಗೆ ಹೋದನು. ಏಳು ಸಲವೂ ಮೊದಲ ಪಂದ್ಯದಲ್ಲಿಯೇ ಸೋತು ಹಿಂದಿರುಗಿದನು. ಕ್ಲೀವ್‌ಲ್ಯಾಂಡಿನವರೂ ಒಮ್ಮೆ ತಾಳ್ಮೆ ತೋರಿಸಿದರು: ಹ್ಯೂ ಜಾಕ್ಸನನ ತಂಡವು 2016ರಲ್ಲಿ 16ಕ್ಕೆ ಒಂದು ಗೆದ್ದು, 2017ರಲ್ಲಿ 16ನ್ನೂ ಸೋತರೂ ಅವನನ್ನು ಉಳಿಸಿಕೊಂಡರು. ಫಲ ಸೊನ್ನೆ, 2018ರ ಅಕ್ಟೋಬರಿನಲ್ಲಿ ತೆಗೆಯಲೇಬೇಕಾಯಿತು.

ಗೆಲುವೂ ಕೂಡ ಒಮ್ಮೊಮ್ಮೆ ಕಾಪಾಡುವುದಿಲ್ಲ. ಸ್ಯಾನ್ ಡಿಯಾಗೋ ತಂಡದ ಮಾರ್ಟಿ ಷಾಟನ್‌ಹೈಮರ್ 2006ರ ಋತುವಿನಲ್ಲಿ 16ಕ್ಕೆ 14 ಗೆದ್ದನು. ಅಂತಿಮ ಸುತ್ತಿನಲ್ಲಿ ಮೂರು ಅಂಕಗಳ ಅಂತರದಿಂದ ಒಂದು ಪಂದ್ಯವನ್ನು ಸೋತನು. ಮೇಲಧಿಕಾರಿಯೊಡನೆ ಮನಸ್ತಾಪವೂ ಇದ್ದಿತು. 2007ರ ಫೆಬ್ರವರಿಯಲ್ಲಿ ಅವನ ಕೆಲಸ ಹೋಯಿತು. ಒಂದು ಕಡೆ ಸಲ್ಲದವನು ಇನ್ನೊಂದು ಕಡೆ ಸಲ್ಲುವುದೂ ಉಂಟು. ಬಿಲ್ ಬೆಲಿಚಿಕ್ ಕ್ಲೀವ್‌ಲ್ಯಾಂಡಿನಲ್ಲಿ ಐದು ವರ್ಷವಿದ್ದು 36 ಗೆದ್ದು 44 ಸೋತು, 1996ರಲ್ಲಿ ಹೊರಬಿದ್ದವನು. ಅವನೇ 2000ದಿಂದ 2023ರವರೆಗೆ ನ್ಯೂ ಇಂಗ್ಲೆಂಡ್ ತಂಡದಲ್ಲಿ 24 ಋತುಗಳಿದ್ದು ಆರು ಸೂಪರ್ ಬೌಲ್‌ಗಳನ್ನು ಗೆದ್ದನು. ಆ 2000ದ ವರ್ಷವೇ, ಆಯ್ಕೆಯಲ್ಲಿ 199ನೆಯವನಾಗಿ ಟಾಮ್ ಬ್ರೇಡಿ ಎಂಬ ತರುಣನು ಅವನಿಗೆ ದೊರೆತುದು ಬಹುಮಟ್ಟಿಗೆ ಭಾಗ್ಯವೆಂದೇ ಹೇಳಬೇಕು. 2020ರಲ್ಲಿ ಬ್ರೇಡಿ ಬೇರೆ ತಂಡಕ್ಕೆ ಹೋದನು. ನಾಲ್ಕು ವರ್ಷಗಳಲ್ಲಿ ಗುರುವಿನ ಪದವಿಯೂ ಹೋಯಿತು. ಆಂಡಿ ರೀಡ್ ಫಿಲಡೆಲ್ಫಿಯಾದಲ್ಲಿ 14 ಋತುಗಳಿದ್ದು 2012ರ ಕೊನೆಗೆ ಕೆಲಸ ಕಳೆದುಕೊಂಡು, ಕ್ಯಾನ್ಸಸ್ ಸಿಟಿಗೆ ಹೋಗಿ 2019, 2022, 2023ರ ಋತುಗಳಲ್ಲಿ ಮೂರು ಸೂಪರ್ ಬೌಲ್‌ಗಳನ್ನು ಗೆದ್ದನು. ಅವನನ್ನು ಕಳುಹಿಸಿದ ಫಿಲಡೆಲ್ಫಿಯಾ ತಂಡವೂ 2017ರಲ್ಲಿ ಗೆದ್ದಿತು. ಗೆದ್ದುಕೊಟ್ಟ ಡಗ್ ಪೀಡರ್ಸನನನ್ನು ಮೂರೇ ವರ್ಷಗಳ ಮೇಲೆ ತೆಗೆದರು!

ಹಾಗಾದರೆ ಇಷ್ಟು ಅಸ್ಥಿರತೆಗೆ ಕಾರಣವೇನು? ಮೊದಲನೆಯದು ಬರಿಯ ಗಣಿತ. ಪ್ರತಿ ಪಂದ್ಯದಲ್ಲಿಯೂ ಒಬ್ಬನು ಗೆದ್ದರೆ ಇನ್ನೊಬ್ಬನು ಸೋಲಲೇಬೇಕು. 32 ಮಂದಿಯೂ ಬೃಹಸ್ಪತಿಗಳೇ ಆದರೂ ಒಟ್ಟು ಗೆಲುವುಗಳಷ್ಟೇ ಸೋಲುಗಳೂ ಇರತಕ್ಕವು. ಶಿಕ್ಷಕರನ್ನು ಎಷ್ಟು ಬದಲಾಯಿಸಿದರೂ ಈ ಮೊತ್ತ ಬದಲಾಗದು. ಎರಡನೆಯದಾಗಿ, ಸಂಘದ ನಿಯಮಗಳೇ ತಂಡಗಳನ್ನು ಸಮಮಾಡುವಂತೆ ಏರ್ಪಟ್ಟಿವೆ. ಕಾಲೇಜುಗಳಿಂದ ಬರುವ ತರುಣರನ್ನು ಆರಿಸಿಕೊಳ್ಳುವ ಪದ್ಧತಿಯು 1936ರಲ್ಲಿ ಮೊದಲಾಯಿತು. ಅದರಲ್ಲಿ ಹಿಂದುಳಿದ ತಂಡಕ್ಕೆ ಮೊದಲ ಆಯ್ಕೆ. 1994ರಿಂದ ಆಟಗಾರರ ಸಂಬಳದ ಒಟ್ಟು ಮೊತ್ತಕ್ಕೂ ಮಿತಿಯಿದೆ. ಆದುದರಿಂದ ಕೆಟ್ಟ ತಂಡವು ಬೇಗ ಏಳುವುದೆಂಬ ಆಸೆ ಯಜಮಾನನಿಗೆ ಸದಾ ಇರುತ್ತದೆ. ಏಳದಿದ್ದರೆ ತಪ್ಪು ಶಿಕ್ಷಕನದೇ ಎಂದು ತೋರುತ್ತದೆ. ಮೂರನೆಯದಾಗಿ, 50 ಮಂದಿ ಆಟಗಾರರನ್ನು ಒಟ್ಟಿಗೆ ಬಿಡಿಸುವುದಕ್ಕಿಂತ ಒಬ್ಬನನ್ನು ಬಿಡಿಸುವುದು ಸುಲಭ.

ಮುಖ್ಯ ಶಿಕ್ಷಕನ ವಿಷಯದಲ್ಲಿ ನಾವು ಕಣ್ಣೀರು ಸುರಿಸಬೇಕಾದುದಿಲ್ಲ. ಅವನ ಕರಾರು ಸಾಮಾನ್ಯವಾಗಿ ನಾಲ್ಕೈದು ವರ್ಷಗಳದು. ನಡುವೆ ತೆಗೆದರೂ ಉಳಿದ ವರ್ಷಗಳ ಸಂಬಳವನ್ನು ಕೊಡಬೇಕಾಗುತ್ತದೆ. ಮರುಕ ಪಡಬೇಕಾದುದು ಅವನ ಕೈಕೆಳಗಿನ ಉಪಶಿಕ್ಷಕರಿಗಾಗಿ. ಹೊಸ ಮುಖ್ಯಸ್ಥನು ತನ್ನವರನ್ನು ಕರೆತರುವುದು ಅಲ್ಲಿನ ರೂಢಿಯಾದುದರಿಂದ, ತಮ್ಮ ಕೆಲಸವನ್ನು ಚೆನ್ನಾಗಿ ಮಾಡಿದವರೂ ಬೇರೆ ಊರನ್ನು ಹುಡುಕಬೇಕಾಗುತ್ತದೆ. ಹೆಂಡತಿಯು ಮನೆಯನ್ನು ಕಿತ್ತು ಕಟ್ಟಬೇಕು. ಮಕ್ಕಳು ಶಾಲೆಯನ್ನೂ ಸ್ನೇಹಿತರನ್ನೂ ಬಿಡಬೇಕು. ಪತ್ರಿಕೆಗಳಲ್ಲಿ ಇವರ ಹೆಸರು ಬರುವುದು ಅಪರೂಪ.

ಈ ದೂರದೇಶದ ಆಟದ ವಿಚಾರವನ್ನು ನಾವು ಇಷ್ಟು ವಿಸ್ತರಿಸಿದುದಕ್ಕೆ ನಮ್ಮ ಜೀವನದ್ದೇ ಒಂದು ಕಾರಣವಿದೆ; ಅದನ್ನು ಮುಚ್ಚಿಡುವುದು ಸರಿಯಲ್ಲ. ನಾವು ಉಪಾಧ್ಯಾಯರಾಗಿದ್ದ ಒಂದು ಶಾಲೆಗೆ ಗಣಿತವನ್ನು ಹೇಳಿಕೊಡಲು ತರುಣರೊಬ್ಬರು ವರ್ಷದ ಕರಾರಿನ ಮೇಲೆ ಬಂದಿದ್ದರು. ಹಿಂದಿನವರು ಸರಿಯಾಗಿ ಕಲಿಸದೆ ಬಿಟ್ಟಿದ್ದ ತರಗತಿ ಅವರ ಪಾಲಿಗೆ ಬಂದಿತು. ವರ್ಷದ ಕೊನೆಗೆ ತೇರ್ಗಡೆಯಾದವರ ಪಟ್ಟಿ ಚಿಕ್ಕದಾಯಿತು. ಆಡಳಿತದವರು ಹಿರಿಯರ ಅಭಿಪ್ರಾಯವನ್ನು ಕೇಳಿದಾಗ, ಅವರು ಕೆಳಗಿನ ತರಗತಿಗಳಲ್ಲಿ ಹಾಕುತ್ತಿದ್ದ ಭದ್ರವಾದ ತಳಹದಿಯನ್ನು ಕಣ್ಣಾರೆ ಕಂಡಿದ್ದ ನಾವು ಬಾಯಿ ಬಿಡಲಿಲ್ಲ. ಅವರು ಹೋದರು. ಎರಡು ವರ್ಷಗಳ ತರುವಾಯ ಆ ಕೆಳಗಿನ ತರಗತಿಯವರೇ ಪರೀಕ್ಷೆಗೆ ಕುಳಿತು ಒಳ್ಳೆಯ ಫಲವನ್ನು ತಂದರು. ಹೊಗಳಿಕೆ ಆಗ ಕುರ್ಚಿಯಲ್ಲಿದ್ದವರಿಗೆ ಸಂದಿತು. ಅದರಲ್ಲಿ ಒಂದು ಪಾಲು ನಮಗೂ ಬಂದಿತು. ಅದನ್ನು ಬೇಡವೆನ್ನುವ ಧೈರ್ಯವೂ ಆಗ ನಮಗೆ ಬರಲಿಲ್ಲ.

ಮರ್ಚಿಸನ್ ಮತ್ತು ರೂನಿಯವರು ಮಾಡಿದುದು ಕುರುಡು ತಾಳ್ಮೆಯೆಂದು ನಮಗೆ ತೋರುವುದಿಲ್ಲ. ಅಂಕಗಳ ಪಟ್ಟಿಯಲ್ಲಿ ಇನ್ನೂ ಕಾಣದಿದ್ದ ಕೆಲಸವನ್ನು ಅವರು ಹತ್ತಿರ ನಿಂತು ನೋಡಿದ್ದರು. ಕೆಲಸವು ನಡೆಯುತ್ತಿದೆಯೆಂದು ಕಂಡರೆ ಫಲಕ್ಕಾಗಿ ಕಾಯಬೇಕು. ಕೆಲಸವೇ ನಡೆಯುತ್ತಿಲ್ಲವೆಂದು ಕಂಡರೆ ಮರ್ಯಾದೆಯಿಂದ ಬೀಳ್ಕೊಡಬೇಕು. ಎರಡಕ್ಕೂ ಮೊದಲು ಹತ್ತಿರ ಹೋಗಿ ನೋಡಬೇಕು. ನೋಡಿದವನು ಕೇಳಿದಾಗ ಹೇಳಬೇಕು. ಮನೆಯಲ್ಲಿ ಮಕ್ಕಳ ಓದನ್ನೂ ಅಂಗಡಿಯಲ್ಲಿ ಹೊಸ ಗುಮಾಸ್ತನ ಲೆಕ್ಕವನ್ನೂ ಪರೀಕ್ಷಿಸುವ ಗೃಹಸ್ಥರು ಇದನ್ನು ನೆನಪಿನಲ್ಲಿಟ್ಟುಕೊಂಡರೆ, ನಾವು ಅಂದು ಆಡದೆ ಉಳಿಸಿದ ಮಾತು ಇಷ್ಟು ತಡವಾಗಿಯಾದರೂ ಉಪಯೋಗಕ್ಕೆ ಬಂದಂತಾದೀತು.