ನೆತ್ತಿಯ ಮೇಲೆ ನೆಲ

ನೀವೊಂದು ಮನೆಯ ಬಾಗಿಲು ದಾಟಿ ಒಳಗೆ ಕಾಲಿಡುತ್ತೀರಿ ಎಂದಿಟ್ಟುಕೊಳ್ಳಿ. ಕಾಲ ಬುಡದಲ್ಲಿ ವಿದ್ಯುತ್ ದೀಪ. ನೆತ್ತಿಯ ಮೇಲೆ ಊಟದ ಮೇಜು, ಕುರ್ಚಿ, ಹಾಸಿಗೆ ಸಮೇತ ಮಂಚ! ಇದು ಕನಸಲ್ಲ. ಟಿಕೆಟ್ ಕೊಂಡು ನೋಡುವ ತಲೆಕೆಳಗಾದ ಮನೆ.

ಇಂಥವುಗಳಲ್ಲಿ ಬಹಳ ಹೆಸರು ಮಾಡಿದ್ದು ಪೋಲೆಂಡ್ ದೇಶದ ಶಿಂಬಾರ್ಕ್ ಹಳ್ಳಿಯ ಮನೆ. ಮರದ ಮನೆಗಳನ್ನು ಕಟ್ಟುವ ಉದ್ಯಮಿ ಡ್ಯಾನಿಯಲ್ ಚಾಪಿಯೆವ್‌ಸ್ಕಿ 2007ರಲ್ಲಿ ಅದನ್ನು ನಿರ್ಮಿಸಿದರು. ಕಮ್ಯುನಿಸ್ಟ್ ಆಡಳಿತದಲ್ಲಿ ಬದುಕು ಹೇಗೆ ಅಡಿಮೇಲಾಗಿತ್ತು ಎಂಬುದನ್ನು ತೋರಿಸುವ ಉದ್ದೇಶವೂ ಅವರಿಗಿತ್ತು. ಒಳಗಿನ ಸಾಮಾನುಗಳೂ ಆ ಕಾಲದವೇ. ಮಾಮೂಲಿ ಮನೆಯನ್ನು ಕೆಲವೇ ವಾರಗಳಲ್ಲಿ ಮುಗಿಸುತ್ತಿದ್ದ ಅವರ ಕೆಲಸಗಾರರಿಗೆ ಇದಕ್ಕೆ 114 ದಿನ ಬೇಕಾಯಿತು. ಓರೆ ಗೋಡೆಗಳ ನಡುವೆ ಕಟ್ಟುವವರಿಗೇ ತಲೆ ಸುತ್ತುತ್ತಿತ್ತಂತೆ!

2008ರಲ್ಲಿ ಜರ್ಮನಿಯ ಯೂಸೆಡೊಮ್ ದ್ವೀಪದಲ್ಲಿ ಇನ್ನೊಂದು ಬಂತು. 2012ರಲ್ಲಿ ಮಲೇಷ್ಯಾದ ಸಬಾ ರಾಜ್ಯದ ತಂಪಾರುಲಿಯಲ್ಲಿ 'ರುಮಾ ತೆರ್ಬಾಲಿಕ್' ತೆರೆಯಿತು. ಮಲಯ ಭಾಷೆಯಲ್ಲಿ ಅದರ ಅರ್ಥವೇ ತಲೆಕೆಳಗಾದ ಮನೆ. ಅಲ್ಲಿ ಕಾರು ಕೂಡ ಬಾವಲಿಯಂತೆ ತೂಗುತ್ತದೆ.

ತಲೆ ಸುತ್ತುವುದೇಕೆ? ದೇಹದ ಸಮತೋಲನವನ್ನು ಒಳಕಿವಿಯ ಒಂದು ಪುಟ್ಟ ಅಂಗ ನೋಡಿಕೊಳ್ಳುತ್ತದೆ. 'ನೀನು ನೆಟ್ಟಗೆ ನಿಂತಿದ್ದೀಯ' ಎಂದು ಅದು ಹೇಳಿದರೆ, ಕಣ್ಣು 'ಇಲ್ಲ, ನೇತಾಡುತ್ತಿದ್ದೀಯ' ಎನ್ನುತ್ತದೆ. ಇಬ್ಬರ ಜಗಳದಲ್ಲಿ ಮಿದುಳು ಗೊಂದಲಕ್ಕೆ ಬೀಳುತ್ತದೆ. ಘಾಟಿ ರಸ್ತೆಯ ಬಸ್ಸಿನಲ್ಲಿ ವಾಂತಿ ಬರುವುದೂ ಇಂಥದೇ ಕಾರಣಕ್ಕೆ. ಸಾಲದ್ದಕ್ಕೆ ಕೆಲವು ಮನೆಗಳ ನೆಲವನ್ನು ಬೇಕೆಂದೇ ವಾಲಿಸಿರುತ್ತಾರೆ.

ಅಡುಗೆಮನೆಯ ಸಾಮಾನುಗಳನ್ನು ಬೀಳದಂತೆ ತಿರುಪು ಹಾಕಿ, ಅಂಟಿಸಿ ಬಿಗಿದಿರುತ್ತಾರೆ. ಆ ಒಲೆಯಲ್ಲಿ ಯಾರೂ ಚಹಾ ಕಾಯಿಸುವುದಿಲ್ಲ, ತೊಳೆಯಲು ಪಾತ್ರೆಯೂ ಬೀಳುವುದಿಲ್ಲ. ಗೃಹಿಣಿಯರಿಗೆ ಅಸೂಯೆ ಹುಟ್ಟಿಸುವ ಸಂಗತಿ ಬಹುಶಃ ಅದೊಂದೇ.

ಟಿಕೆಟ್ ಇಲ್ಲದೆ, ತಲೆಯೂ ಸುತ್ತದೆ, ನೆಲವನ್ನು ನೆತ್ತಿಯ ಮೇಲೆ ಹೊತ್ತ ಮನೆಗಳು ನಮ್ಮ ಕಲಬುರಗಿ ಜಿಲ್ಲೆಯಲ್ಲೇ ಇವೆ. ಕಾಗಿಣಾ ನದಿಯ ದಂಡೆಯ ದಂಡೋತಿ, ಅದರ ಆಚೀಚಿನ ಚಿತ್ತಾಪುರ, ವಾಡಿ, ಶಹಾಬಾದ, ಸೇಡಂ ಸೀಮೆಯೆಲ್ಲ ಸುಣ್ಣದ ಕಲ್ಲಿನ ನಾಡು. ಪದರ ಪದರವಾಗಿ ಏಳುವ ಈ ಶಹಾಬಾದ ಕಲ್ಲಿಗೆ ಅಲ್ಲಿಯವರು ಫರಸಿ ಎನ್ನುತ್ತಾರೆ. ಉರ್ದುವಿನಲ್ಲಿ ಫರ್ಶ್ ಎಂದರೆ ನೆಲ. ಹೆಸರಿಗೆ ನೆಲದ ಕಲ್ಲಾದರೂ ಆ ಭಾಗದ ಹಳೆಯ ಮನೆಗಳಲ್ಲಿ ಗೋಡೆಗೂ ಅದೇ ಕಲ್ಲು. ತೊಲೆಗಳ ಮೇಲೆ ಚಪ್ಪಡಿಗಳನ್ನು ಜೋಡಿಸಿ ಸಂದು ಮುಚ್ಚಿದರೆ ಛತ್ತಿಗೂ ಅದೇ. ಮಲಗಿ ಮೇಲೆ ನೋಡಿದರೆ ಕಾಣುವುದು, ಬೆನ್ನಿನ ಕೆಳಗೆ ತಣ್ಣಗೆ ತಾಗುವುದು, ಎರಡೂ ಒಂದೇ ಗಣಿಯದ್ದು.

ಈಗ ಅಲ್ಲೂ ಹೊಸ ಮನೆಗೆ ಆರ್.ಸಿ.ಸಿ. ಛತ್ತು, ನುಣುಪಾದ ಟೈಲ್ಸ್ ನೆಲ ಬಂದಿವೆ. ಸಂದಿನಿಂದ ಮಳೆನೀರು ಸೋರುವ ಕಾಟ ತಪ್ಪಿತೆಂದು ಹೆಂಗಸರಿಗೆ ಸಮಾಧಾನವಾದರೆ ಅದು ಸಹಜವೇ. ಆದರೆ ಉಳಿ, ಸುತ್ತಿಗೆ ಹಿಡಿದು ಫರಸಿ ಎಬ್ಬಿಸಿ ಸಂಸಾರ ನಡೆಸುತ್ತಿದ್ದವರ ಕೈಗೆ ಕೆಲಸ ಕಡಿಮೆಯಾಗುತ್ತಿದೆ. ಹೊಸ ಛತ್ತಿನ ಸಿಮೆಂಟೂ ವಾಡಿ, ಸೇಡಂ ಕಡೆಯ ಕಾರ್ಖಾನೆಗಳಲ್ಲಿ ಇದೇ ಸುಣ್ಣದ ಕಲ್ಲನ್ನು ಪುಡಿಮಾಡಿ ಸುಟ್ಟದ್ದು! ಹಳೆಯ ಛತ್ತನ್ನು ಒಡೆಯದಂತೆ ಜೋಪಾನವಾಗಿ ಇಳಿಸಿದರೆ, ಆ ಚಪ್ಪಡಿಗಳು ಅಂಗಳದ ಹಾಸಿಗೆ ಆಗುತ್ತವೆ. ನಿನ್ನೆ ಮಳೆಗೆ ಬೆನ್ನು ಕೊಟ್ಟ ಕಲ್ಲಿನ ಮೇಲೆ ನಾಳೆ ಮಕ್ಕಳು ಕುಂಟಾಬಿಲ್ಲೆ ಆಡಬಹುದು.