ದ್ವಿಮುಖ ರೇಡಿಯೋ ಬಳಕೆ ಮತ್ತು ಆಂಟೆನಾ ಸ್ಥಾಪನೆಯ ನಿಯಮಗಳು

ಒಂದೇ ಉಪಕರಣದಿಂದ ಸಂದೇಶವನ್ನು ಕಳುಹಿಸುವ ಹಾಗೂ ಸ್ವೀಕರಿಸುವ ನಿಸ್ತಂತು ಸಾಧನವನ್ನು ದ್ವಿಮುಖ ರೇಡಿಯೋ ಎನ್ನುತ್ತಾರೆ. ವಾಕಿಟಾಕಿ ಮತ್ತು ಹ್ಯಾಮ್ ರೇಡಿಯೋ ಇದರ ಪರಿಚಿತ ರೂಪಗಳು. ಬಾಗಲಕೋಟೆ ಜಿಲ್ಲೆಯ ಜಮಖಂಡಿ, ಮುಧೋಳ, ಬೀಳಗಿ ಮತ್ತು ರಬಕವಿ-ಬನಹಟ್ಟಿ ತಾಲೂಕುಗಳು ಕೃಷ್ಣಾ ಮತ್ತು ಘಟಪ್ರಭಾ ನದಿಗಳ ಪ್ರದೇಶದಲ್ಲಿವೆ. 2019ರ ಆಗಸ್ಟ್‌ನಂತಹ ಪ್ರವಾಹದಲ್ಲಿ ವಿದ್ಯುತ್ ಕಡಿತಗೊಂಡು ಮೊಬೈಲ್ ಗೋಪುರಗಳು ಸ್ಥಗಿತಗೊಂಡರೆ, ಬ್ಯಾಟರಿಯಿಂದ ನಡೆಯುವ ಇಂತಹ ಉಪಕರಣಗಳು ನೆರವಿಗೆ ಬರುತ್ತವೆ.

ಕಾನೂನು

ಭಾರತದಲ್ಲಿ ನಿಸ್ತಂತು ಉಪಕರಣಗಳ ನಿಯಂತ್ರಣವು 1885ರ ಟೆಲಿಗ್ರಾಫ್ ಕಾಯ್ದೆ ಮತ್ತು 1933ರ ನಿಸ್ತಂತು ಟೆಲಿಗ್ರಾಫಿ ಕಾಯ್ದೆಗಳಿಂದ ಬೆಳೆದುಬಂದಿದೆ. 2023ರ ದೂರಸಂಪರ್ಕ ಕಾಯ್ದೆಯು ಹಂತಹಂತವಾಗಿ ಇವುಗಳ ಸ್ಥಾನದಲ್ಲಿ ಜಾರಿಗೆ ಬರುತ್ತಿದೆ. ಅಂಗಡಿಯಲ್ಲಿ ಮಾರಾಟಕ್ಕಿದೆ ಎಂಬ ಮಾತ್ರಕ್ಕೆ ಉಪಕರಣದ ಬಳಕೆ ಕಾನೂನುಬದ್ಧವಾಗುವುದಿಲ್ಲ. ಅನಧಿಕೃತ ವಾಕಿಟಾಕಿಗಳ ಆನ್‌ಲೈನ್ ಮಾರಾಟವನ್ನು ತಡೆಯಲು ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರವು 2025ರಲ್ಲಿ ಮಾರ್ಗಸೂಚಿ ಹೊರಡಿಸಿತು.

ಪರವಾನಗಿ ಬೇಡದ ತರಂಗಾಂತರಗಳು

26.957ರಿಂದ 27.283 ಮೆಗಾಹರ್ಟ್ಸ್‌ವರೆಗಿನ ನಾಗರಿಕ ಪಟ್ಟಿಯಲ್ಲಿ 5 ವಾಟ್ ಮಿತಿಯೊಳಗೆ, ಉಪಕರಣದಲ್ಲೇ ಅಳವಡಿಸಿರುವ ಆಂಟೆನಾದೊಂದಿಗೆ ಪರವಾನಗಿಯಿಲ್ಲದೆ ಮಾತನಾಡಬಹುದು. ಆದ್ದರಿಂದ ಇದಕ್ಕೆ ಮಾಳಿಗೆಯ ಮೇಲೆ ಪ್ರತ್ಯೇಕ ಆಂಟೆನಾ ನಿಲ್ಲಿಸಿದರೆ ವಿನಾಯಿತಿ ಅನ್ವಯಿಸದು. 2018ರ ನಿಯಮಗಳು 446.0–446.2 ಮೆಗಾಹರ್ಟ್ಸ್ ಪಟ್ಟಿಯ ಅಲ್ಪಶಕ್ತಿ ಉಪಕರಣಗಳಿಗೂ ವಿನಾಯಿತಿ ನೀಡಿವೆ. ಉಪಕರಣದ ಮಾದರಿಗೆ ಅನುಮೋದನೆ ಇರುವುದು ಅವಶ್ಯಕ.

ಹವ್ಯಾಸಿ ಪರವಾನಗಿ

1978ರ ಹವ್ಯಾಸಿ ಸೇವಾ ನಿಯಮಗಳ ಪ್ರಕಾರ 12 ವರ್ಷ ತುಂಬಿದವರು ಪರೀಕ್ಷೆ ಬರೆಯಬಹುದು. ಪರೀಕ್ಷೆ ಹಾಗೂ ಪರವಾನಗಿಗಳನ್ನು ದೂರಸಂಪರ್ಕ ಇಲಾಖೆಯ ನಿಸ್ತಂತು ಯೋಜನೆ ಮತ್ತು ಸಮನ್ವಯ ವಿಭಾಗವು ನಿರ್ವಹಿಸುತ್ತದೆ. ನಿರ್ಬಂಧಿತ ದರ್ಜೆಯ ಕರೆಚಿಹ್ನೆ ವಿಯು3 ಎಂದೂ, ಸಾಮಾನ್ಯ ದರ್ಜೆಯದು ವಿಯು2 ಎಂದೂ ಆರಂಭವಾಗುತ್ತದೆ. ಸಾಮಾನ್ಯ ದರ್ಜೆಗೆ ಮೋರ್ಸ್ ಸಂಕೇತದ ಪರೀಕ್ಷೆಯೂ ಇದೆ. ಸಂಭಾಷಣೆಯಲ್ಲಿ ಕರೆಚಿಹ್ನೆ ಹೇಳಬೇಕು; ದಿನಚರಿ ಬರೆದಿಡಬೇಕು. ವ್ಯಾಪಾರದ ಮಾತು, ಸಂಗೀತ ಪ್ರಸಾರ ಮತ್ತು ಗುಪ್ತಭಾಷೆ ನಿಷಿದ್ಧ. ಹೀಗಾಗಿ ಮಗ್ಗದ ಕಾರ್ಖಾನೆಯ ಅಥವಾ ಕಬ್ಬು ಸಾಗಾಣಿಕೆಯ ವ್ಯವಹಾರಕ್ಕೆ ಹ್ಯಾಮ್ ಪರವಾನಗಿ ಬಳಸುವಂತಿಲ್ಲ.

ಆಂಟೆನಾ ಸ್ಥಾಪನೆ

ಅರ್ಧತರಂಗ ತಂತಿ ಆಂಟೆನಾದ ಉದ್ದವನ್ನು ತಿಳಿಯಲು 143ನ್ನು ಮೆಗಾಹರ್ಟ್ಸ್ ಸಂಖ್ಯೆಯಿಂದ ಭಾಗಿಸಬೇಕು, 7.1 ಮೆಗಾಹರ್ಟ್ಸ್‌ಗೆ ಸುಮಾರು 20 ಮೀಟರ್ ಬರುತ್ತದೆ. 145 ಮೆಗಾಹರ್ಟ್ಸ್‌ನಂತಹ ತರಂಗಗಳಿಗೆ ಉದ್ದಕ್ಕಿಂತ ಎತ್ತರವೇ ಮುಖ್ಯ. ಬಯಲುನೆಲದಲ್ಲಿ 10 ಮೀಟರ್ ಎತ್ತರದ ಎರಡು ಆಂಟೆನಾಗಳ ನಡುವೆ ಸೈದ್ಧಾಂತಿಕ ವ್ಯಾಪ್ತಿ ಸುಮಾರು 26 ಕಿ.ಮೀ. ಜಮಖಂಡಿ ಮತ್ತು ಮುಧೋಳಗಳ ನೇರ ಅಂತರ ಸುಮಾರು 20 ಕಿ.ಮೀ. ಇರುವುದರಿಂದ, ನಡುವೆ ಗುಡ್ಡ ಅಡ್ಡಬಾರದಿದ್ದರೆ ಸಂಪರ್ಕ ಸಾಧ್ಯ.

ಆಂಟೆನಾ ಕಂಬವು ಯಾವ ದಿಕ್ಕಿಗೆ ಉರುಳಿದರೂ ವಿದ್ಯುತ್ ತಂತಿಗೆ ತಾಗದಷ್ಟು ದೂರದಲ್ಲಿರಬೇಕು. ಅದನ್ನು ಒಬ್ಬರೇ ಎತ್ತಬಾರದು. ವಿದ್ಯುತ್ ಕಂಬಕ್ಕೆ ಎಂದೂ ಕಟ್ಟಬಾರದು. ಕಂಬಕ್ಕೆ ಭೂಸಂಪರ್ಕ ಕೊಡಬೇಕು. ಎರೆಭೂಮಿ ಬೇಸಿಗೆಯಲ್ಲಿ ಬಿರಿಯುವುದರಿಂದ ಭೂಸಂಪರ್ಕದ ಗುಂಡಿಯನ್ನು ತೇವವಾಗಿಡುವುದು ಒಳಿತು. ಗುಡುಗು ಕೇಳಿದೊಡನೆ ಪ್ರಸಾರ ನಿಲ್ಲಿಸಬೇಕು. ಮಳೆಗಾಲದ ಮೋಡ ಕವಿಯುವ ಮೊದಲೇ ಕೇಬಲನ್ನು ಉಪಕರಣದಿಂದ ಬಿಡಿಸಿಡುವುದು ಸುರಕ್ಷಿತ. ವಿಮಾನ ನಿಲ್ದಾಣಗಳ ಸುತ್ತ ಎತ್ತರದ ಮಿತಿಗಳೂ ಅನ್ವಯಿಸುತ್ತವೆ.

ತುರ್ತು ಸಂದರ್ಭ

ಜೀವಾಪಾಯದ ಕರೆ ಕೇಳಿದಾಗ ಇತರ ಮಾತುಗಳನ್ನು ನಿಲ್ಲಿಸಿ, ಸ್ಥಳ, ಜನರ ಸಂಖ್ಯೆ ಮತ್ತು ಅಗತ್ಯವನ್ನು ಬರೆದುಕೊಂಡು ಆಡಳಿತಕ್ಕೆ ತಿಳಿಸಬೇಕು. ಪ್ರವಾಹ ಬಂದ ಮೇಲೆ ಪರವಾನಗಿ ಪಡೆಯಲು ಸಮಯವಿರುವುದಿಲ್ಲ. ತರಬೇತಿ, ಪರೀಕ್ಷೆ ಹಾಗೂ ಆಂಟೆನಾ ಕೆಲಸ ಮಳೆಗಾಲಕ್ಕೆ ಮುನ್ನವೇ ಮುಗಿದಿರಬೇಕು.