ದುಡಿದು ದಣಿದ ಮೂಕ ಜೀವದ ಹಕ್ಕು

ಲಕ್ಷ್ಮೇಶ್ವರದಲ್ಲಿ ಮನೆಗಳ್ಳತನವಾಗಲಿ, ಮುಂಡರಗಿಯಲ್ಲಿ ಅಂಗಡಿಯ ಬೀಗ ಮುರಿಯಲಿ, ಮರುದಿನದ ಪತ್ರಿಕೆಯಲ್ಲಿ ಸುದ್ದಿಯ ಕೊನೆಗೆ ಒಂದು ಮಾತು ಇದ್ದೇ ಇರುತ್ತದೆ. ಶ್ವಾನದಳ ಮತ್ತು ಬೆರಳಚ್ಚು ತಜ್ಞರು ಬಂದು ಪರಿಶೀಲಿಸಿದರು ಎಂಬ ಮಾತದು. ಓದಿ ಪುಟ ತಿರುವುತ್ತೇವೆ. ಬೆರಳಚ್ಚು ತಜ್ಞರು ಒಂದು ದಿನ ನಿವೃತ್ತರಾಗುತ್ತಾರೆ. ಶಾಲು ಹೊದಿಸಿ, ಹಾರ ಹಾಕಿ ಮನೆಗೆ ಕಳಿಸುತ್ತಾರೆ, ಪಿಂಚಣಿಯೂ ಬರುತ್ತದೆ. ಆದರೆ ಆ ನಾಯಿ? ವಯಸ್ಸಾದ ಮೇಲೆ ಅದರ ಗತಿ ಏನು? ಸಹೋದರಿಯರೇ, ಎಂದಾದರೂ ಯೋಚಿಸಿದ್ದೀರಾ?

ನಾಯಿಯ ಮಾತು ನಮಗೇಕೆ ಎಂದು ಹುಬ್ಬೇರಿಸಬೇಡಿ. ನಮ್ಮ ಮನೆಗಳಲ್ಲಿ ನಾಯಿ ಸಾಕುವ ರೂಢಿ ಇಲ್ಲ, ನಿಜ. ಆದರೆ ರೂಢಿ ಇಲ್ಲದಿರುವುದು ಬೇರೆ, ಋಣ ಇಲ್ಲದಿರುವುದು ಬೇರೆ. ಜಾತ್ರೆಗೆ, ಉರುಸಿಗೆ, ರೈಲು ನಿಲ್ದಾಣಕ್ಕೆ ಮಕ್ಕಳ ಕೈ ಹಿಡಿದು ಧೈರ್ಯವಾಗಿ ಹೋಗುತ್ತೇವಲ್ಲ, ಆ ಧೈರ್ಯದಲ್ಲಿ ಈ ಮೂಕ ಜೀವಗಳ ದುಡಿಮೆಯೂ ಸೇರಿದೆ.

ಅವು ಮಾಡಿದ ಸೇವೆ

ನಮ್ಮ ಮೂಗಿನಲ್ಲಿ ವಾಸನೆ ಗ್ರಹಿಸುವ ಕಣಗಳು ಸುಮಾರು 50-60 ಲಕ್ಷವಿದ್ದರೆ, ಕೆಲವು ತಳಿಯ ನಾಯಿಗಳಲ್ಲಿ ಅವು 20-30 ಕೋಟಿಯಷ್ಟಿರುತ್ತವೆ. ಅಲ್ಲಾಹನು ಕೊಟ್ಟ ಈ ಶಕ್ತಿಗೆ ತಿಂಗಳುಗಟ್ಟಲೆ ತರಬೇತಿ ಸೇರಿದಾಗ ಪೊಲೀಸ್ ನಾಯಿ ತಯಾರಾಗುತ್ತದೆ. ಒಂದು ನಾಯಿ ಅಪರಾಧಿಯ ಜಾಡು ಹಿಡಿದರೆ ಇನ್ನೊಂದು ಸ್ಫೋಟಕ ಹುಡುಕುತ್ತದೆ.

2020ರ ಜುಲೈನಲ್ಲಿ ದಾವಣಗೆರೆ ಪೊಲೀಸರ ತುಂಗಾ ಎಂಬ ಡಾಬರ್‌ಮನ್ ಕೊಲೆ ಪ್ರಕರಣವೊಂದರಲ್ಲಿ ಸುಮಾರು 12 ಕಿಲೋಮೀಟರ್ ಓಡಿ ಆರೋಪಿಯ ಸುಳಿವು ಹಿಡಿದುಕೊಟ್ಟಿತು. ಹಿರಿಯ ಅಧಿಕಾರಿಗಳೇ ಬಂದು ಅದನ್ನು ಸನ್ಮಾನಿಸಿದರು. 1993ರಲ್ಲಿ ಸರಣಿ ಸ್ಫೋಟದಿಂದ ಮುಂಬಯಿ ತತ್ತರಿಸಿದಾಗ ಝಂಜೀರ್ ಎಂಬ ಲ್ಯಾಬ್ರಡಾರ್ 3 ಸಾವಿರ ಕಿಲೋಗೂ ಹೆಚ್ಚು ಆರ್‌ಡಿಎಕ್ಸ್ ಪತ್ತೆ ಮಾಡಿತು. ಆ ಮದ್ದು ಸಿಡಿದಿದ್ದರೆ ಸಾಯುತ್ತಿದ್ದವರಲ್ಲಿ ಎಲ್ಲ ಜಾತಿ, ಎಲ್ಲ ಧರ್ಮದವರೂ ಇರುತ್ತಿದ್ದರು. 2000ದಲ್ಲಿ ಅದು ಸತ್ತಾಗ ಪೊಲೀಸರು ಗೌರವದಿಂದ ಮಣ್ಣು ಮಾಡಿದರು.

2015ರ ಆಗಸ್ಟಿನಲ್ಲಿ ಕಾಶ್ಮೀರದ ಕುಪ್ವಾರಾದಲ್ಲಿ ಸೇನೆಯ ಮಾನ್ಸಿ ಎಂಬ ನಾಯಿ ಮತ್ತು ಅದರ ಹ್ಯಾಂಡ್ಲರ್ ಯೋಧ ಬಶೀರ್ ಅಹ್ಮದ್ ವಾರ್ ಒಂದೇ ಕಾರ್ಯಾಚರಣೆಯಲ್ಲಿ ಪ್ರಾಣ ಬಿಟ್ಟರು. ಸೇನೆ ಆ ನಾಯಿಯ ಹೆಸರನ್ನೂ ಗೌರವ ಪಟ್ಟಿಯಲ್ಲಿ ಬರೆಯಿತು.

ಕಲ್ಲಿನಲ್ಲಿ ಬರೆದ ಕೃತಜ್ಞತೆ

ದುಡಿದ ನಾಯಿಯನ್ನು ಗೌರವಿಸುವುದು ಹೊರಗಿನಿಂದ ಬಂದ ಶೋಕಿ ಎಂದು ತಿಳಿಯಬೇಡಿ. ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ಸಿಕ್ಕ ಕ್ರಿ.ಶ. 949-50ರ ಶಾಸನವೊಂದು ಈಗ ಬೆಂಗಳೂರಿನ ಸರಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಗಂಗ ದೊರೆ ಬೂತುಗನ ಶೂರ ಸೇವಕ ಮಣಲೇರನು ಯುದ್ಧದಲ್ಲಿ ಮೆಚ್ಚುಗೆ ಗಳಿಸಿದಾಗ ಚಿನ್ನ ಕೇಳಲಿಲ್ಲ, ಕಾಳಿ ಎಂಬ ಬೇಟೆನಾಯಿಯನ್ನು ಕೇಳಿ ಪಡೆದ. ಮುಂದೆ ಆ ನಾಯಿ ದೊಡ್ಡ ಹಂದಿಯೊಂದರ ಜೊತೆ ಹೋರಾಡಿತು, ಎರಡೂ ಸತ್ತವು. ಕಾಳಿಯ ನೆನಪಿಗೆ ಕಲ್ಲು ನಿಲ್ಲಿಸಿ, ಭೂಮಿಯನ್ನೂ ದತ್ತಿ ಬಿಟ್ಟರು.

ನಮಗೆ ಹೆಮ್ಮೆಯ ಸಂಗತಿ ಇನ್ನೊಂದಿದೆ. ರಾಷ್ಟ್ರಕೂಟ ದೊರೆ ಮೂರನೆಯ ಕೃಷ್ಣನು ಬೂತುಗನಿಗೆ ಬಿಟ್ಟುಕೊಟ್ಟ ನಾಡುಗಳ ಹೆಸರೂ ಅದೇ ಕಲ್ಲಿನಲ್ಲಿವೆ. ಅವುಗಳಲ್ಲಿ ಪುರಿಗೆರೆ ಮುನ್ನೂರು ಎಂದರೆ ನಮ್ಮ ಲಕ್ಷ್ಮೇಶ್ವರದ ಸೀಮೆ, ಬೆಳ್ವೊಲ ಮುನ್ನೂರು ಎಂದರೆ ಗದಗದ ಸುತ್ತಲಿನ ಸೀಮೆ. ನಾಯಿಯ ಋಣ ತೀರಿಸಿದ ಕಲ್ಲಿನಲ್ಲೇ ನಮ್ಮೂರಿನ ಹೆಸರೂ ಇದೆ!

ಮುಪ್ಪಿನಲ್ಲಿ ಬೇಕಾದುದು

ಸತ್ತ ಮೇಲೆ ಕಲ್ಲು ನೆಡುವುದು ಸುಲಭ. ಬದುಕಿರುವಾಗ ನೋಡಿಕೊಳ್ಳುವುದೇ ಕಷ್ಟ. ಪೊಲೀಸ್ ನಾಯಿಗಳು ಸಾಮಾನ್ಯವಾಗಿ ಎಂಟರಿಂದ ಹತ್ತು ವರ್ಷಕ್ಕೆ ನಿವೃತ್ತವಾಗುತ್ತವೆ. ಆ ಹೊತ್ತಿಗೆ ಸೊಂಟದ ಕೀಲು ಸವೆದಿರುತ್ತದೆ, ಕಣ್ಣಿಗೆ ಪೊರೆ ಬರುತ್ತದೆ, ಮೂತ್ರಪಿಂಡ ಸೋಲುತ್ತದೆ. ಖರ್ಚು ಹೆಚ್ಚಾಗುವ ವಯಸ್ಸಿಗೇ ನೌಕರಿ ಮುಗಿಯುತ್ತದೆ. ಎಷ್ಟೋ ಕಡೆ ಹ್ಯಾಂಡ್ಲರ್ ಆಗಿದ್ದ ಪೊಲೀಸನೇ ಮಮತೆಯಿಂದ ಮನೆಗೆ ಕರೆದೊಯ್ದು ತನ್ನ ಸಂಬಳದಲ್ಲಿ ಸಾಕುತ್ತಾನೆ. ಅದಕ್ಕೆ ಅನ್ನ ಕಲಸುವುದು, ಔಷಧ ತಿನ್ನಿಸುವುದು ಅವನ ಮನೆಯ ಹೆಣ್ಣುಮಗಳು.

ನಮ್ಮ ಸೇನೆಯಲ್ಲಿ ಕೆಲಸಕ್ಕೆ ಬಾರದ ನಾಯಿಗಳಿಗೆ ದಯಾಮರಣ ಕೊಡುವ ಪದ್ಧತಿ ಇತ್ತು. 2015ರಲ್ಲಿ ಮಾಹಿತಿ ಹಕ್ಕಿನ ಅರ್ಜಿಯಿಂದ ಇದು ಬಯಲಾಗಿ ಜನರು ಪ್ರಶ್ನಿಸಿದ ಮೇಲೆ ಅವುಗಳಿಗೆ ಆಶ್ರಯ ಕೊಡುವ ದಾರಿ ತೆರೆಯಿತು. ಕೇರಳ ಪೊಲೀಸರು 2019ರಲ್ಲಿ ತ್ರಿಶೂರಿನ ಪೊಲೀಸ್ ಅಕಾಡೆಮಿಯಲ್ಲಿ ನಿವೃತ್ತ ನಾಯಿಗಳಿಗಾಗಿ 'ವಿಶ್ರಾಂತಿ' ಎಂಬ ಮನೆ ಕಟ್ಟಿದರು. ಮುಂಬಯಿಯ 2008ರ ದಾಳಿಯಲ್ಲಿ ದುಡಿದ ಮ್ಯಾಕ್ಸ್, ಸುಲ್ತಾನ್, ಟೈಗರ್, ಸೀಸರ್ ಎಂಬ ನಾಲ್ಕು ನಾಯಿಗಳನ್ನು ನಿವೃತ್ತಿಯ ನಂತರ ಮಹಿಳೆಯೊಬ್ಬರು ವಿರಾರ್‌ನ ತಮ್ಮ ತೋಟದಲ್ಲಿಟ್ಟು ಕೊನೆಯವರೆಗೆ ಸಲಹಿದರು. ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ಶೈರ್ ಪೊಲೀಸರು 2013ರಲ್ಲಿ ನಾಯಿಗಳ ಚಿಕಿತ್ಸೆಗೆಂದು ಪಿಂಚಣಿಯನ್ನೇ ಆರಂಭಿಸಿದರು.

ಧರ್ಮ ಏನು ಹೇಳುತ್ತದೆ?

"ನಾಯಿ ಮುಟ್ಟಿದರೆ ವುಝೂ ಮುರಿಯುತ್ತದೆಯೇ?" ಎಂದು ಮಕ್ಕಳು ತರಗತಿಯಲ್ಲಿ ಕೇಳುತ್ತಾರೆ. ಮುರಿಯುವುದಿಲ್ಲ. ನಾಯಿಯ ಜೊಲ್ಲು ತಾಗಿದರೆ ತೊಳೆಯಬೇಕು, ಅದು ಬಾಯಿ ಹಾಕಿದ ಪಾತ್ರೆಯನ್ನು ಹದೀಸ್ ತಿಳಿಸಿದಂತೆ ಚೆನ್ನಾಗಿ ಶುಚಿಗೊಳಿಸಬೇಕು. ಕಾರಣವಿಲ್ಲದೆ ಮನೆಯೊಳಗೆ ನಾಯಿ ಇಟ್ಟುಕೊಳ್ಳುವುದನ್ನು ಹದೀಸ್ ಮೆಚ್ಚುವುದಿಲ್ಲ. ಆದರೆ ಹೊಲ, ಜಾನುವಾರುಗಳ ಕಾವಲಿಗೆ ಮತ್ತು ಬೇಟೆಗೆ ಅನುಮತಿ ಇದೆ. ತರಬೇತಿ ಪಡೆದ ಬೇಟೆಪ್ರಾಣಿಗಳ ಪ್ರಸ್ತಾಪ ಕುರ್‌ಆನಿನ ಅಲ್ ಮಾಇದಾ ಅಧ್ಯಾಯದಲ್ಲಿದೆ. ಗುಹೆಯವರ ಬಾಗಿಲಲ್ಲಿ ಮುಂಗಾಲು ಚಾಚಿ ಮಲಗಿದ್ದ ನಾಯಿಯನ್ನು ಅಲ್ ಕಹ್ಫ್ ಅಧ್ಯಾಯದಲ್ಲಿ ಪ್ರತಿ ಶುಕ್ರವಾರ ಓದುವವರು ನಾವೇ ಅಲ್ಲವೇ?

ಶುದ್ಧಿಯ ನಿಯಮ ಪಾತ್ರೆಗೆ, ಬಟ್ಟೆಗೆ ಸಂಬಂಧಿಸಿದ್ದು. ಕರುಣೆಗೆ ಅದು ಅಡ್ಡಿಯಲ್ಲ. ಬಾಯಾರಿ ಸಾಯುತ್ತಿದ್ದ ನಾಯಿಯನ್ನು ಕಂಡು, ತನ್ನ ಪಾದರಕ್ಷೆಯನ್ನು ಮೇಲುದಿಗೆ ಕಟ್ಟಿ ಬಾವಿಯಿಂದ ನೀರು ಸೇದಿ ಕುಡಿಸಿದ ಹೆಣ್ಣು ಸಮಾಜ ತಿರಸ್ಕರಿಸಿದವಳಾಗಿದ್ದಳು. ಅಲ್ಲಾಹನು ಅವಳನ್ನು ಕ್ಷಮಿಸಿದನು. ಒಮ್ಮೆ ಅನ್ಸಾರಿಯೊಬ್ಬರ ತೋಟದಲ್ಲಿ ಒಂಟೆಯೊಂದು ಪ್ರವಾದಿ(ಸ)ಯವರನ್ನು ಕಂಡು ಕಣ್ಣೀರಿಟ್ಟಿತು. ಅದನ್ನು ಹಸಿವಿನಲ್ಲಿಟ್ಟು ಅತಿಯಾಗಿ ದುಡಿಸುತ್ತಿದ್ದ ಯಜಮಾನನನ್ನು ಅವರು ಎಚ್ಚರಿಸಿದರು. ದುಡಿಯುವ ಪ್ರಾಣಿಗೆ ಹಕ್ಕಿದೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಕೇ?

ನಮ್ಮ ಪೂರ್ವಜರು ಇದನ್ನು ಆಚರಣೆಯಲ್ಲೂ ತಂದಿದ್ದರು. ದಮಾಸ್ಕಸ್ ನಗರದಲ್ಲಿ 'ಹಸಿರು ಹುಲ್ಲುಗಾವಲು' ಎಂಬ ವಕ್ಫ್ ಭೂಮಿ ಇತ್ತೆಂದು ವಿದ್ವಾಂಸರು ಬರೆದಿದ್ದಾರೆ. ಮುಪ್ಪಾಯಿತೆಂದು ಯಜಮಾನರು ಕೈಬಿಟ್ಟ ಪ್ರಾಣಿಗಳು ಸಾಯುವವರೆಗೆ ಅಲ್ಲಿ ಮೇಯುತ್ತಿದ್ದವು. ದುಡಿದು ದಣಿದ ಪ್ರಾಣಿಗೂ ವಕ್ಫ್!

ನಾವೇನು ಮಾಡಬಹುದು?

ಎಲ್ಲರೂ ನಾಯಿ ಸಾಕಬೇಕೆಂದು ನಾನು ಹೇಳುವುದಿಲ್ಲ. ಆದರೆ ಪೊಲೀಸ್ ಕ್ವಾರ್ಟರ್ಸಿನಲ್ಲಿ ನಿವೃತ್ತ ನಾಯಿಯನ್ನು ನೋಡಿಕೊಳ್ಳುವ ಸಹೋದರಿ ನಿಮ್ಮ ನೆರೆಯವಳಾಗಿದ್ದರೆ ಮೂಗು ಮುರಿಯಬೇಡಿ. ನಿಮ್ಮ ಮನೆಗೇ ಅಂಥ ನಾಯಿ ಬಂದರೆ ಅಂಗಳದಲ್ಲಿ ಅದಕ್ಕೊಂದು ನೆರಳಿನ ಗೂಡು ಮಾಡಿ, ಅದರ ಪಾತ್ರೆ ಬೇರೆ ಇಡಿ. ನಾಯಿ ನಮ್ಮಂತೆ ಮೈತುಂಬ ಬೆವರುವುದಿಲ್ಲ, ನಾಲಿಗೆ ಚಾಚಿ ತೇಗಿಯೇ ಮೈ ತಣಿಸಿಕೊಳ್ಳುತ್ತದೆ. ನಮ್ಮ ಬಯಲುಸೀಮೆಯ ಬೇಸಿಗೆಯಲ್ಲಿ ತಣ್ಣೀರು ಸದಾ ಇರಲಿ. ಕೀಲುನೋವಿದ್ದರೆ ಬರಿ ನೆಲದ ಬದಲು ದಪ್ಪ ಗೋಣಿಚೀಲ ಹಾಸಿ. ಈರುಳ್ಳಿ, ಬೆಳ್ಳುಳ್ಳಿ, ದ್ರಾಕ್ಷಿ, ಚಾಕಲೇಟು ಅದಕ್ಕೆ ವಿಷ. ಬೇಯಿಸಿದ ಎಲುಬು ಸೀಳಾಗಿ ಕರುಳಿಗೆ ಚುಚ್ಚುತ್ತದೆ. ಹಬ್ಬದ ಮಾಂಸದ ಅಡುಗೆ ಉಳಿಯಿತೆಂದು ಹಾಕಬೇಡಿ. ಮೆತ್ತಗಿನ ಅನ್ನ, ಎಲುಬು ತೆಗೆದ ಬೆಂದ ಮಾಂಸ ಸಾಕು. ಹುಚ್ಚುನಾಯಿ ರೋಗದ ಲಸಿಕೆ ತಪ್ಪಿಸಬೇಡಿ. ಪ್ರತಿ ತಾಲೂಕಿನಲ್ಲೂ ಪಶು ಆಸ್ಪತ್ರೆ ಇದೆ, ಗದಗದಲ್ಲಿ ಪಶುವೈದ್ಯಕೀಯ ಮಹಾವಿದ್ಯಾಲಯವೇ ಇದೆ.

ಸಾಕಲಾಗದವರು ಚಿಕಿತ್ಸೆಯ ಖರ್ಚಿಗೆ ಕೈಲಾದಷ್ಟು ಕೊಡಬಹುದು. ಜೀವವಿರುವ ಯಾವುದಕ್ಕೆ ಉಪಕಾರ ಮಾಡಿದರೂ ಪ್ರತಿಫಲವಿದೆ ಎಂದು ಪ್ರವಾದಿ(ಸ) ಕಲಿಸಿದ್ದಾರೆ. ಗದಗ-ಬೆಟಗೇರಿ, ಶಿರಹಟ್ಟಿಯ ಮಹಿಳಾ ಸಂಘಗಳು ಸ್ವಾತಂತ್ರ್ಯ ದಿನದಂದು ಸಾಧಕರಿಗೆ ಶಾಲು ಹೊದಿಸುವಾಗ, ಕೆಲಸ ಮುಗಿಸಿದ ಒಂದು ನಾಯಿಯನ್ನೂ ಅದನ್ನು ಸಾಕುತ್ತಿರುವ ಕುಟುಂಬವನ್ನೂ ಕರೆಯಲಿ. ಒಂದು ವರ್ಷದ ಔಷಧದ ಖರ್ಚನ್ನು ಸಂಘವೇ ಹೊರಲಿ. ಆ ನಾಯಿಗೆ ಹಾರ ಬೇಕಿಲ್ಲ, ಔಷಧ ಬೇಕು. ಆ ಮನೆಯ ತಾಯಿಗೆ ಮಾತ್ರ ನಾಲ್ಕು ಜನರ ಮುಂದೆ ಒಂದು ಒಳ್ಳೆಯ ಮಾತು ಬೇಕು.

ಕಪ್ಪತಗುಡ್ಡದ ಕೆಳಗೆ ಕುರಿಹಟ್ಟಿ ಕಾಯ್ದು ಮುದಿಯಾದ ನಾಯಿಗೂ ಇದೇ ಹಕ್ಕಿದೆ. ದಾರಿಯಲ್ಲಿ ಮಲಗಿದ ನಾಯಿಗೆ ಕಲ್ಲೆತ್ತಿದ ಮಗುವಿನ ಕೈ ಹಿಡಿದು ನಿಲ್ಲಿಸುವುದು ತಾಯಿಯಾದ ನಿಮ್ಮಿಂದ ಮಾತ್ರ ಸಾಧ್ಯ. ದುಡಿದು ಸೋತ ನಾಯಿಯನ್ನು ಕೈಬಿಡಬಾರದೆಂದು ಕಲಿತ ಮಗು, ನಾಳೆ ದುಡಿದು ಸೋತ ತಂದೆತಾಯಿಯನ್ನೂ ಕೈಬಿಡಲಾರದು.